ಕಿರು ಕೊಂಬುಗಪ್ಪೆ

ಏಷ್ಯಾದ ಬೆಟ್ಟಗಾಡಿನ ಹಳ್ಳಕೊಳ್ಳಗಳಲ್ಲಿ ಬಾಳುವ ಪುಟ್ಟ ಕಪ್ಪೆ. ಮೇಲಿನ ಕಣ್ಣುರೆಪ್ಪೆಯ ಅಂಚಿನಲ್ಲಿ ಚರ್ಮದ ಒಂದು ಸಣ್ಣ ಮೊನೆ ಇರುವುದರಿಂದ ಈ ಹೆಸರು. ಮೆಗೋಫ್ರಿಯಿಡೇ ಕುಟುಂಬಕ್ಕೆ ಸೇರಿದ್ದು. ಬಹುಕಾಲ ಮೆಗೋಫ್ರಿಸ್ ಪಾರ್ವಾ ಎಂದು ಕರೆಸಿಕೊಂಡಿತ್ತು. ಈಚಿನ ವರ್ಗೀಕರಣಗಳಲ್ಲಿ ಕ್ಸೆನೋಫ್ರಿಸ್ ಪಾರ್ವಾ. ಗಂಡು ನಾಲ್ಕು ಸೆಂಟಿಮೀಟರಿನ ಆಸುಪಾಸು, ಹೆಣ್ಣು ಅದಕ್ಕಿಂತ ತುಸು ದೊಡ್ಡದು. ಇಟಲಿಯ ನಿಸರ್ಗ ಸಂಶೋಧಕ ಲಿಯೊನಾರ್ಡೊ ಫೇಯ 1887-88ರಲ್ಲಿ ಬರ್ಮಾದ ಕರೆನ್ ಗುಡ್ಡಗಳಲ್ಲಿ ಹಿಡಿದ ಕಪ್ಪೆಗಳನ್ನು ನೋಡಿ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಜಾರ್ಜ್ ಆಲ್ಬರ್ಟ್ ಬೌಲೆಂಜರ್ 1893ರಲ್ಲಿ ಇದನ್ನು ವಿವರಿಸಿದರು.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿ ಈ ಕಪ್ಪೆ ಎಲ್ಲೂ ಇಲ್ಲ, ಇರಲೂಬಾರದು. ಹಾಗಿದ್ದೂ ಏಷ್ಯಾದ ಕೊಂಬುಗಪ್ಪೆಗಳ ಬಗ್ಗೆ ಓದಹೊರಟವರು ಒಂದಲ್ಲ ಒಂದು ಹಂತದಲ್ಲಿ ಆ ಕೊಲ್ಲಿಯ ದಡಕ್ಕೆ ಬಂದೇ ಬರುತ್ತಾರೆ. ಗೋಲ್ಡನ್ ಗೇಟ್ ಪಾರ್ಕಿನೊಳಗಿರುವ ಕ್ಯಾಲಿಫೋರ್ನಿಯ ಅಕಾಡೆಮಿ ಆಫ್ ಸೈನ್ಸಸ್, ಬರ್ಕ್ಲಿಯ ವಿಶ್ವವಿದ್ಯಾಲಯದ ಕಶೇರುಕ ಪ್ರಾಣಿಗಳ ಮ್ಯೂಸಿಯಂ, ಅದೇ ಬರ್ಕ್ಲಿಯಿಂದ ನಡೆಯುವ ಆಂಫಿಬಿಯವೆಬ್ ಎಂಬ ಜಾಲಕೋಶ – ಈ ಮೂರೂ ಅಲ್ಲಿವೆ. ಒಂದೇ ಕಪ್ಪೆ ಎಂದು ನೂರು ವರ್ಷ ನಂಬಿದ್ದು ಹಲವು ಕಪ್ಪೆಗಳಾಗಿ ಬಿಡಿಸಿಕೊಂಡದ್ದು ಇಂಥ ಸಂಗ್ರಹಗಳ ಬಲದಿಂದ. ಆದ್ದರಿಂದ ಕಿರು ಕೊಂಬುಗಪ್ಪೆಯ ಕಥೆಯಲ್ಲಿ ಕಾಡಿಗೆ ಎಷ್ಟು ಪಾಲಿದೆಯೋ ಕಪಾಟಿಗೂ ಸರಿಸುಮಾರು ಅಷ್ಟೇ ಪಾಲಿದೆ.

ಯಾವುದು ಕೊಂಬುಗಪ್ಪೆ, ಯಾವುದಲ್ಲ

ಕ್ಯಾಲಿಫೋರ್ನಿಯದ ಹಳಬರ ಮುಂದೆ ಕೊಂಬಿನ ಕಪ್ಪೆಯ ಮಾತೆತ್ತಿದರೆ ಅವರ ಮನಸ್ಸಿಗೆ ಬರುವುದು ಕಪ್ಪೆಯೇ ಅಲ್ಲ, ಓತಿ. ಮೈತುಂಬ ಮುಳ್ಳು, ತಲೆಯ ಹಿಂದೆ ಕೊಂಬುಗಳ ಸಾಲು, ಚಪ್ಪಟೆ ದೇಹ. ಇರುವೆ ತಿಂದು ಬದುಕುವ ಫ್ರೈನೊಸೋಮ ಕುಲದ ಈ ಓತಿಯನ್ನು ಅಲ್ಲಿನ ಜನ ತಲೆಮಾರುಗಳಿಂದ ನೆಲಗಪ್ಪೆಯ ಹೆಸರಿಟ್ಟೇ ಕರೆಯುತ್ತಾ ಬಂದಿದ್ದಾರೆ. ಸಾಕುಪ್ರಾಣಿಗಳ ಅಂಗಡಿಗೆ ಹೋದರೆ ಅಲ್ಲಿ ಇನ್ನೊಂದು: ದಕ್ಷಿಣ ಅಮೆರಿಕದ ಸೆರಾಟೊಫ್ರಿಸ್. ಮೈಯೆಲ್ಲ ಬಾಯಿಯೇ ಎನ್ನುವಂಥ ಗುಂಡು ಕಪ್ಪೆ, ಗಾಜಿನ ಪೆಟ್ಟಿಗೆಯಲ್ಲಿ ಕುಳಿತು ಎದುರಿಗೆ ಬಂದದ್ದನ್ನೆಲ್ಲ ನುಂಗುತ್ತದೆ. ಇದಕ್ಕೂ ಕಣ್ಣಿನ ಮೇಲೆ ಕೊಂಬುಂಟು. ಆದರೆ ಏಷ್ಯಾದ ಕೊಂಬುಗಪ್ಪೆಗೂ ಇದಕ್ಕೂ ಹತ್ತಿರದ ನೆಂಟಸ್ತನವೇನೂ ಇಲ್ಲ. ಅಡಗಿ ಕೂತು ಬೇಟೆಯಾಡುವ ಬದುಕು ಎರಡು ಖಂಡಗಳಲ್ಲಿ ಬೇರೆ ಬೇರೆಯಾಗಿ ಒಂದೇ ಬಗೆಯ ವೇಷ ಕಟ್ಟಿಸಿದೆ, ಅಷ್ಟೆ.

ಏಷ್ಯಾದ ಕೊಂಬುಗಪ್ಪೆಗಳ ಬಳಗ ದೊಡ್ಡದು. ಹಿಮಾಲಯದ ತಪ್ಪಲಿನಿಂದ ದಕ್ಷಿಣ ಚೀನ, ಇಂಡೋಚೀನ, ಮಲಯ ಪರ್ಯಾಯದ್ವೀಪ, ಸುಮಾತ್ರ, ಜಾವಾ, ಬೋರ್ನಿಯೊ, ಫಿಲಿಪ್ಪೀನ್ಸ್‌ವರೆಗೆ ಹರಡಿರುವ ಇವುಗಳ ಪ್ರಭೇದಗಳ ಸಂಖ್ಯೆ ಈಗ ನೂರು ದಾಟಿದೆ. ಹೆಸರುವಾಸಿಯಾದದ್ದು ಮಲಯದ ಉದ್ದಮೂತಿಯ ಕೊಂಬುಗಪ್ಪೆ. ಹೆಣ್ಣು ಹನ್ನೆರಡು ಸೆಂಟಿಮೀಟರಿನಷ್ಟು ಬೆಳೆಯುತ್ತದೆ; ಮೂತಿಯ ತುದಿಯಲ್ಲೊಂದು, ಎರಡು ರೆಪ್ಪೆಗಳ ಮೇಲೆ ಒಂದೊಂದು ಚೂಪು ಮೊನೆ. ಮೈಬಣ್ಣ, ಬೆನ್ನ ಮೇಲಿನ ಗೆರೆ, ನೆರಿಗೆ ಎಲ್ಲವೂ ಒಣಗಿದ ತರಗೆಲೆಯ ಪಡಿಯಚ್ಚು. ಕ್ಯಾಲೆಂಡರುಗಳಲ್ಲಿ, ನಿಸರ್ಗದ ಪುಸ್ತಕಗಳಲ್ಲಿ ಕಾಣುವುದು ಸಾಮಾನ್ಯವಾಗಿ ಇದೇ. ಕಿರು ಕೊಂಬುಗಪ್ಪೆಗೆ ಆ ಠೀವಿ ಇಲ್ಲ. ಅದರ ಕೊಂಬು ರೆಪ್ಪೆಯ ಅಂಚಿನ ಒಂದು ಗುಳ್ಳೆಯಷ್ಟೆ. ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟರೆ ಮಾತ್ರ ಕಣ್ಣಿಗೆ ಬೀಳುತ್ತದೆ. ಕೊಂಬೆಂದರೂ ಅದರೊಳಗೆ ಎಲುಬಿಲ್ಲ, ಬರೀ ಚರ್ಮ. ಕಾದಾಡಲು ಅದು ಉಪಯೋಗಕ್ಕೆ ಬರುವುದಿಲ್ಲ. ದುಂಡಗಿನ ಕಣ್ಣಿನ ಆಕಾರವನ್ನು ಒಡೆದು ತೋರಿಸಿ, ನೋಡುವವರಿಗೆ ಇಲ್ಲೊಂದು ಪ್ರಾಣಿಯಿದೆ ಎಂಬ ಸುಳಿವು ಸಿಗದಂತೆ ಮಾಡುವುದು ಅದರ ಕೆಲಸ.

ಕರ್ನಾಟಕದ ಓದುಗರಿಗೆ ಒಂದು ಮಾತು. ಆಗುಂಬೆಯ ತರಗೆಲೆಯ ಮೇಲೆ ಇದನ್ನು ಹುಡುಕಿ ಪ್ರಯೋಜನವಿಲ್ಲ. ಪಶ್ಚಿಮಘಟ್ಟದಲ್ಲಿ ಮೆಗೋಫ್ರಿಯಿಡೇ ಕುಟುಂಬದ ಒಂದು ಕಪ್ಪೆಯೂ ಇಲ್ಲ. ಭಾರತದಲ್ಲಿ ಕೊಂಬುಗಪ್ಪೆಗಳನ್ನು ನೋಡಬೇಕಾದರೆ ಹಿಮಾಲಯದ ಪೂರ್ವಭಾಗಕ್ಕೆ ಮತ್ತು ಈಶಾನ್ಯದ ಬೆಟ್ಟಗಳಿಗೇ ಹೋಗಬೇಕು.

ರೂಪ, ಬದುಕು

ಬೆನ್ನು ಕಂದು ಅಥವಾ ಬೂದುಗಂದು. ಎರಡು ಕಣ್ಣುಗಳ ನಡುವೆ ತುದಿ ಹಿಂದಕ್ಕೆ ಚಾಚಿದ ಕಡುಬಣ್ಣದ ತ್ರಿಕೋನ, ಬೆನ್ನಮೇಲೆ ಚರ್ಮದ ತೆಳು ಏಣುಗಳು, ಕಾಲಿಗೆ ಅಡ್ಡಪಟ್ಟೆ. ಬೆಳಕಿನಲ್ಲಿ ಕಣ್ಣಿನ ಪಾಪೆ ಬೆಕ್ಕಿನದರಂತೆ ನೆಟ್ಟಗೆ ಸೀಳಿರುತ್ತದೆ. ನಮ್ಮ ಗದ್ದೆಬಯಲಿನ ಸಾಮಾನ್ಯ ಕಪ್ಪೆಗಳಲ್ಲಿ ಈ ಬಗೆಯ ಪಾಪೆ ಕಾಣುವುದಿಲ್ಲ. ಹಗಲೆಲ್ಲ ಎಲೆರಾಶಿಯಡಿ, ಕಲ್ಲಿನ ಸಂದಿಯಲ್ಲಿ ಇದ್ದು ಕತ್ತಲಾದ ಮೇಲೆ ಹೊರಬರುತ್ತದೆ. ಅಟ್ಟಿಸಿಕೊಂಡು ಹೋಗಿ ಹಿಡಿಯುವ ಜಾಯಮಾನವಲ್ಲ. ಕೂತಲ್ಲೇ ಕೂತು ಹತ್ತಿರ ಬಂದ ಹುಳುಹುಪ್ಪಟೆ, ಜೇಡಗಳನ್ನು ನುಂಗುತ್ತದೆ.

ಗಂಡುಗಳು ಹಳ್ಳದ ಅಂಚಿನ ಕಲ್ಲು, ತಗ್ಗಿನ ಗಿಡದ ಎಲೆಗಳ ಮೇಲೆ ಕುಳಿತು ಕೂಗುತ್ತವೆ. ಕೂಗು ಚುಟುಕು, ಒಂದೇ ಸಮನೆ ಮರುಕಳಿಸುವಂಥದ್ದು; ಕಿವಿ ಪಳಗದವರು ಯಾವುದೋ ಮಿಡತೆಯ ಸದ್ದೆಂದು ಮುಂದೆ ನಡೆದುಬಿಡುತ್ತಾರೆ. ಈ ಬಳಗದಲ್ಲಿ ಪ್ರಭೇದಗಳನ್ನು ಬೇರ್ಪಡಿಸಲು ಕೂಗು ದೊಡ್ಡ ಸಾಕ್ಷಿ. ನೋಡಲು ಅಚ್ಚುಹಾಕಿದಂತೆ ಒಂದೇ ಥರ ಇರುವ ಎರಡು ಕಪ್ಪೆಗಳ ಧ್ವನಿಮುದ್ರಿಕೆಯನ್ನು ಕಂಪ್ಯೂಟರಿಗೆ ಹಾಕಿ ನೋಡಿದರೆ ಮಿಡಿತದ ವೇಗ, ನಡುವಿನ ಬಿಡುವು, ಸ್ವರದ ಎತ್ತರ ಬೇರೆ ಬೇರೆ ಇರುವುದು ಕಾಣುತ್ತದೆ. ಹೆಣ್ಣುಕಪ್ಪೆಗೆ ಇದು ಮೊದಲಿನಿಂದಲೂ ಗೊತ್ತು.

ಕೂಡುವಾಗ ಗಂಡು ಹೆಣ್ಣಿನ ಕಂಕುಳನ್ನಲ್ಲ, ಸೊಂಟವನ್ನು ತಬ್ಬುತ್ತದೆ. ಕಪ್ಪೆಗಳ ವಂಶದಲ್ಲಿ ಇದು ಹಳೆಯ ರೀತಿ. ಮೊಟ್ಟೆಗೆ ಬಣ್ಣವಿಲ್ಲ, ನೀರಿನ ಅಂಚಿನ ಕಲ್ಲಿನ ಅಡಿಗೆ ಅಂಟಿಸಿಡುವ ಮೊಟ್ಟೆಗೆ ಬಿಸಿಲು ತಾಗುವುದಿಲ್ಲವಾದ್ದರಿಂದ ಕಪ್ಪುಬಣ್ಣದ ರಕ್ಷೆ ಬೇಕಾಗಿಯೂ ಇಲ್ಲ.

ಇನ್ನು ಗೊದಮೊಟ್ಟೆ. ಇಡೀ ಬಳಗದಲ್ಲಿ ನಿಂತು ನೋಡಬೇಕಾದದ್ದು ಇದನ್ನೇ ಎಂಬುದು ಈ ಲೇಖಕನ ಅಭಿಪ್ರಾಯ. ಸಾಮಾನ್ಯ ಗೊದಮೊಟ್ಟೆ ತಲೆ ಬಗ್ಗಿಸಿ ಕಲ್ಲಿನ ಪಾಚಿ ಕೆರೆದು ತಿನ್ನುತ್ತದೆ. ಕೊಂಬುಗಪ್ಪೆಯ ಗೊದಮೊಟ್ಟೆಯ ಬಾಯಿ ಮೇಲ್ಮುಖ. ತುಟಿಗಳು ಅಗಲವಾಗಿ ಹರಡಿ ಒಂದು ಆಲಿಕೆಯಾಗಿವೆ. ಹಳ್ಳದ ಹರಿವು ತಗ್ಗಿದ ಮಡುವಿನಲ್ಲಿ ಅದು ಬಾಲ ಕೆಳಗೆ ಬಿಟ್ಟು, ಆಲಿಕೆಯನ್ನು ನೀರಿನ ಮೇಲ್ಮೈಗೆ ತೆರೆದು ತೂಗಾಡುತ್ತದೆ. ನೀರಿನ ಮೇಲಿನ ಪದರದಲ್ಲಿ ತೇಲಿಬರುವ ಪರಾಗ, ಪಾಚಿಯ ಚೂರು, ಸೂಕ್ಷ್ಮಜೀವಿಗಳೆಲ್ಲ ಆ ಆಲಿಕೆಗೆ ಇಳಿದು ಗಂಟಲು ಸೇರುತ್ತವೆ. ಆಲಿಕೆಯ ಒಳಮೈಯಲ್ಲಿ ಸಣ್ಣ ಸಣ್ಣ ಮೊನೆಗಳ ಸಾಲುಂಟು. ಉಳಿದ ಗೊದಮೊಟ್ಟೆಗಳ ಬಾಯಿಯಲ್ಲಿರುವ ಕೆರೆಯುವ ಹಲ್ಲುಸಾಲು ಮಾತ್ರ ಇಲ್ಲ. ನೆರಳು ಬಿದ್ದರೆ ಸಾಕು, ಆಲಿಕೆ ತಟ್ಟನೆ ಮಡಚಿಕೊಳ್ಳುತ್ತದೆ, ಗೊದಮೊಟ್ಟೆ ತಳದ ಎಲೆಗಳ ನಡುವೆ ಮಾಯ. ಅಪಾಯ ಕಳೆದ ಮೇಲೆ ಮೇಲೆ ಬಂದು ಬಾಯಿ ತೆರೆದೊಡನೆ ಮೇಲ್ಮೈ ಎಳೆತವೇ ತುಟಿಗಳನ್ನು ಹಿಗ್ಗಿಸಿ ಮತ್ತೆ ಆಲಿಕೆ ಮಾಡಿಕೊಡುತ್ತದೆ. ಸಯಾಮಿನ ಅರಮನೆಯಲ್ಲಿ ವೈದ್ಯರಾಗಿದ್ದ ಮಾಲ್ಕಮ್ ಸ್ಮಿತ್ ಈ ಬಾಯಿಯ ಕೆಲಸವೇನೆಂದು 1926ರಲ್ಲಿ ಒಂದು ಪ್ರಬಂಧವನ್ನೇ ಬರೆದರು. ಹಳ್ಳದಲ್ಲಿ ಕೆಸರು ತುಂಬಿದರೆ, ನೀರಿನ ಮೇಲೆ ಎಣ್ಣೆಯ ಪೊರೆ ಹರಡಿದರೆ ಈ ಮರಿಗಳಿಗೆ ಊಟವೇ ಇಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ಒಂದು ಹೆಸರು, ಹಲವು ಕಪ್ಪೆ

ಬೌಲೆಂಜರ್ ಕೊಟ್ಟ ಹೆಸರು ಬರ್ಮಾದ ಒಂದು ಗುಡ್ಡದ ಕಪ್ಪೆಗೆ. ಮುಂದಿನ ನೂರಕ್ಕೂ ಹೆಚ್ಚು ವರ್ಷ, ಏಷ್ಯಾದಲ್ಲಿ ಯಾರ ಕೈಗೆ ಕಂದುಬಣ್ಣದ ಸಣ್ಣ ಕೊಂಬುಗಪ್ಪೆ ಸಿಕ್ಕಿದರೂ ಅದಕ್ಕೆ ಇದೇ ಚೀಟಿ ಅಂಟಿತು. ನೇಪಾಳದಲ್ಲಿ ಸಿಕ್ಕಿದ್ದು ಪಾರ್ವಾ, ಮೇಘಾಲಯದಲ್ಲಿ ಸಿಕ್ಕಿದ್ದು ಪಾರ್ವಾ, ವಿಯೆಟ್ನಾಮಿನಲ್ಲಿ ಸಿಕ್ಕಿದ್ದೂ ಪಾರ್ವಾ. ಭೂಪಟದಲ್ಲಿ ಅದರ ನೆಲೆ ಹಿಗ್ಗುತ್ತಲೇ ಹೋಯಿತು. ಬೆಟ್ಟದ ಒಂದು ಹಳ್ಳ ಬಿಟ್ಟು ಪಕ್ಕದ ಕಣಿವೆಗೆ ಇಳಿಯಲೂ ತಿಣುಕುವ ಪ್ರಾಣಿ ಬ್ರಹ್ಮಪುತ್ರ, ಐರಾವತಿ, ಮೆಕಾಂಗ್ ನದಿಗಳನ್ನೆಲ್ಲ ದಾಟಿ ಒಂದೇ ಪ್ರಭೇದವಾಗಿ ಉಳಿದೀತೇ ಎಂಬ ಅನುಮಾನ ಬರಲು ತಡವಾಯಿತು.

ಅನುಮಾನವನ್ನು ಕೈಗೆತ್ತಿಕೊಂಡವರಲ್ಲಿ ಮುಖ್ಯರು ಸ್ಟೀಫನ್ ಮಹೋನಿ, ದೆಹಲಿ ವಿಶ್ವವಿದ್ಯಾಲಯದ ಎಸ್.ಡಿ. ಬಿಜು, ಮಣಿಪುರದವರಾದ ರಚುನ್ಲಿಯು ಕಾಮೈ ಮತ್ತು ಡಬ್ಲಿನ್ನಿನ ಎಮ್ಮಾ ಟೀಲಿಂಗ್. 2011ರಲ್ಲಿ ಅಸ್ಸಾಮಿನಿಂದ ಮೆಗೋಫ್ರಿಸ್ ಮೆಗಾಸೆಫಾಲ, 2013ರಲ್ಲಿ ಅರುಣಾಚಲ ಮತ್ತು ಮೇಘಾಲಯದಿಂದ ಇನ್ನೂ ಮೂರು ಹೊಸ ಪ್ರಭೇದಗಳು ಬಂದವು. ಆ ಮೂರರಲ್ಲಿ ಅರುಣಾಚಲದ ಪಶ್ಚಿಮ ಕಾಮೆಂಗ್ ಜಿಲ್ಲೆಯ ವೆಗ್ರಾಂಡಿಸ್ ತೀರ ಚಿಕ್ಕದು: ಗಂಡಿನ ಉದ್ದ ಮೂರು ಸೆಂಟಿಮೀಟರ್ ಆದರೆ ಹೆಚ್ಚು. 2018ರಲ್ಲಿ ದೊಡ್ಡ ಗಾತ್ರದ ಕೊಂಬುಗಪ್ಪೆಗಳ ಗುಂಪನ್ನು ಪರಿಷ್ಕರಿಸಿ ನಾಲ್ಕು ಹೊಸ ಹೆಸರುಗಳನ್ನು ಕೊಟ್ಟರು. 2020ರಲ್ಲಿ ನೇರವಾಗಿ ಪಾರ್ವಾದ ಕಗ್ಗಂಟಿಗೇ ಕೈಹಾಕಿದರು. ಈಶಾನ್ಯ ಭಾರತ ಮತ್ತು ಬಾಂಗ್ಲಾದೇಶದಲ್ಲಿ ಪಾರ್ವಾ ಎಂದು ಬರೆದಿಟ್ಟ ಕಪ್ಪೆಗಳು ಪಾರ್ವಾ ಅಲ್ಲವೇ ಅಲ್ಲ ಎಂದು ತೋರಿಸಿ ಅವುಗಳಲ್ಲಿ ಮೂರಕ್ಕೆ ಅವುಹ್, ಜುಕೌ, ನುಂಬುಮೆಂಗ್ ಎಂದು ಹೆಸರಿಟ್ಟರು. ಮೂರರಲ್ಲೂ ಲ್ಯಾಟಿನ್ ವಾಸನೆ ಇಲ್ಲ. ಎಲ್ಲವೂ ಆ ಬೆಟ್ಟಗಳ ನೆಲ ನುಡಿಗಳಿಂದಲೇ ಎತ್ತಿಕೊಂಡವು. ಜುಕೌ ಎಂಬುದು ನಾಗಾಲ್ಯಾಂಡ್-ಮಣಿಪುರ ಗಡಿಯ ಪ್ರಸಿದ್ಧ ಕಣಿವೆ.

ಇತರ ದೇಶಗಳಲ್ಲೂ ಇದೇ ಕಥೆ. ಅಮೆರಿಕದ ಮಿಶನರಿ ಡೇವಿಡ್ ಕ್ರಾಕೆಟ್ ಗ್ರಹಾಮ್ ಚೀನದ ಸಿಚುವಾನಿನಿಂದ ಕಳಿಸಿದ ಕಪ್ಪೆಯೊಂದನ್ನು ಸ್ಮಿತ್‌ಸೋನಿಯನ್ನಿನ ಲಿಯೊನ್‌ಹಾರ್ಡ್ ಸ್ಟೆಯ್ನೆಗರ್ 1926ರಲ್ಲಿ ಮೆಗೋಫ್ರಿಸ್ ಮೈನರ್ ಎಂದು ಕರೆದರು. ಆ ಹೆಸರೂ ದಕ್ಷಿಣ ಚೀನದುದ್ದಕ್ಕೂ ಹೀಗೆಯೇ ಹರಡಿ, ಆಮೇಲೆ ಹೀಗೆಯೇ ಒಡೆಯಿತು. ವಿಯೆಟ್ನಾಮಿನ ಲಾಂಗ್‌ಬಿಯಾನ್ ಎತ್ತರದಿಂದ 2017ರಲ್ಲಿ ಬಂದ ಎಲ್ಫಿನಾ ಎಂಬುದು ಇನ್ನೊಂದು ಅಂಗೈಯಗಲವೂ ಇಲ್ಲದ ಕಪ್ಪೆ.

ಪ್ರಭೇದಗಳು ಹೆಚ್ಚಿದ ಮೇಲೆ ಕುಲದ ಜಗಳ ಶುರುವಾಯಿತು. ಜಾವಾದ ಕಪ್ಪೆಯನ್ನು ನೋಡಿ ಕೂಲ್ ಮತ್ತು ಫಾನ್ ಹಾಸೆಲ್ಟ್ 1822ರಲ್ಲಿ ಕಟ್ಟಿದ ಕುಲ ಮೆಗೋಫ್ರಿಸ್. (ಆ ಹೆಸರು ಅಚ್ಚಾಗುವ ಹೊತ್ತಿಗೆ ಕೂಲ್ ಬದುಕಿರಲಿಲ್ಲ, ಇಪ್ಪತ್ತನಾಲ್ಕು ತುಂಬುವ ಮೊದಲೇ ಜಾವಾದಲ್ಲಿ ತೀರಿಕೊಂಡಿದ್ದರು. ಜೊತೆಗಾರ 1823ರಲ್ಲಿ ಹೋದರು.) ಒಂದು ಪಕ್ಷದವರು ಎಲ್ಲವನ್ನೂ ಇದೇ ಒಂದು ಕುಲದಲ್ಲಿಟ್ಟು ಒಳಗೆ ಉಪಕುಲ ಮಾಡಿದರೆ ಸಾಕೆಂದರು. ಚೀನದ ಸಂಶೋಧಕರು ಅದನ್ನು ಹತ್ತು ಕುಲಗಳಾಗಿ ಒಡೆದರು. ಹೀಗಾಗಿ ಒಂದೇ ಕಪ್ಪೆಗೆ ಒಂದು ಪುಸ್ತಕದಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಇನ್ನೊಂದು. ಈ ಜಗಳದಲ್ಲಿ ಸಾಮಾನ್ಯ ಓದುಗ ಪಕ್ಷ ವಹಿಸಬೇಕಾದ್ದಿಲ್ಲ. ಪ್ರಭೇದ ಯಾವುದು, ಎಲ್ಲಿಯದು ಎಂಬುದು ಗೊತ್ತಾದರೆ ಸಾಕು.

ಕೊಲ್ಲಿಯ ದಡದ ಸೀಸೆಗಳು

ಸ್ಯಾನ್ ಫ್ರಾನ್ಸಿಸ್ಕೊದ ಅಕಾಡೆಮಿ 1853ರಲ್ಲಿ, ಚಿನ್ನದ ಬೆನ್ನುಹತ್ತಿ ಜನ ಆ ಊರಿಗೆ ಮುಗಿಬಿದ್ದ ಕಾಲದಲ್ಲೇ ಹುಟ್ಟಿತು. 1906ರ ಏಪ್ರಿಲ್ 18ರ ಭೂಕಂಪ ಮತ್ತು ಅದರ ಹಿಂದೆಯೇ ಎದ್ದ ಬೆಂಕಿಯಲ್ಲಿ ಮಾರ್ಕೆಟ್ ಸ್ಟ್ರೀಟಿನ ಕಟ್ಟಡ ಸುಟ್ಟುಹೋಯಿತು, ಅದರೊಂದಿಗೆ ಸಂಗ್ರಹದ ಬಹುಭಾಗವೂ. ಅದೃಷ್ಟಕ್ಕೆ ಅಕಾಡೆಮಿಯ ಒಂದು ಹಡಗು ಆಗ ಊರಿನಲ್ಲಿರಲಿಲ್ಲ. 1905ರ ಜೂನ್‌ನಲ್ಲಿ ಗಲಪಗೋಸಿಗೆ ಹೊರಟಿದ್ದ ಆ ಹಡಗು 1906ರ ನವೆಂಬರಿನಲ್ಲಿ ಮರಳಿದಾಗ ಅದರ ಹೊಟ್ಟೆಯಲ್ಲಿದ್ದ ಆಮೆ, ಓತಿ, ಹಕ್ಕಿಗಳೇ ಹೊಸ ಮ್ಯೂಸಿಯಮ್ಮಿಗೆ ಮೂಲಧನವಾದವು. ಈಗ ಅಲ್ಲಿನ ಉಭಯಚರ-ಸರೀಸೃಪಗಳ ಸಂಗ್ರಹ ಮೂರು ಲಕ್ಷ ದಾಟಿದ್ದು, ಜಗತ್ತಿನ ದೊಡ್ಡ ಸಂಗ್ರಹಗಳಲ್ಲಿ ಒಂದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹಳೆಯ ಸಂಗ್ರಹವೂ ಇಲ್ಲಿಗೇ ಬಂದು ಸೇರಿದೆ. ವಾಲ್ಟರ್ ಬ್ರೌನ್ ಮತ್ತು ಫಿಲಿಪ್ಪೀನ್ಸಿನ ಆಂಜೆಲ್ ಅಲ್ಕಾಲಾ ದಶಕಗಳ ಕಾಲ ದ್ವೀಪದಿಂದ ದ್ವೀಪಕ್ಕೆ ಅಲೆದು ಕೂಡಿಸಿದ ಕಪ್ಪೆಗಳೂ ಇಲ್ಲಿವೆ.

2008ರ ಸೆಪ್ಟೆಂಬರಿನಲ್ಲಿ ತೆರೆದ ಅಕಾಡೆಮಿಯ ಹೊಸ ಕಟ್ಟಡವನ್ನು ರೆಂಜೊ ಪಿಯಾನೊ ವಿನ್ಯಾಸಗೊಳಿಸಿದರು. ಬೇ ಏರಿಯಾದ ಕನ್ನಡದ ಮನೆಗಳಿಗೆ ಊರಿಂದ ಅಪ್ಪ-ಅಮ್ಮ ಬಂದರೆ ಕರೆದುಕೊಂಡು ಹೋಗುವ ಜಾಗಗಳ ಪಟ್ಟಿಯಲ್ಲಿ ಇದೂ ಇರುತ್ತದೆ. ಹುಲ್ಲು ಬೆಳೆಸಿದ ಚಾವಣಿ, ಸ್ಟೈನ್‌ಹಾರ್ಟ್ ಅಕ್ವೇರಿಯಮ್ಮಿನ ಮೀನುಗಳನ್ನು ನೋಡಿಕೊಂಡು ಜನ ಮರಳುತ್ತಾರೆ. ಸಂಗ್ರಹ ಇರುವುದು ಆ ದಾರಿಯಲ್ಲಲ್ಲ. ಅದು ಸಂಶೋಧಕರಿಗೆ ಮಾತ್ರ ತೆರೆಯುವ ಬಾಗಿಲಿನಾಚೆ, ತಂಪು ಕೋಣೆಗಳ ಕಪಾಟುಗಳಲ್ಲಿದೆ. ಫಾರ್ಮಲಿನ್‌ನಲ್ಲಿ ಬಿಗಿಗೊಳಿಸಿ, ಆಮೇಲೆ ಶೇಕಡಾ 70ರ ಆಲ್ಕೊಹಾಲಿನಲ್ಲಿ ಮುಳುಗಿಸಿಟ್ಟ ಕಪ್ಪೆಗಳು ಗಾಜಿನ ಸೀಸೆಗಳಲ್ಲಿ ಒಂದರ ಪಕ್ಕ ಒಂದು. ಪ್ರತಿಯೊಂದರ ಸೊಂಟಕ್ಕೋ ಕಾಲಿಗೋ ದಾರದಿಂದ ಕಟ್ಟಿದ ಸಂಖ್ಯೆಯ ಚೀಟಿ. ವರ್ಷ ಕಳೆದಂತೆ ಬಣ್ಣ ಬಿಳಚುತ್ತದೆ. ಹಸುರು, ಕೆಂಪುಗಳು ಮೊದಲು ಹೋಗುತ್ತವೆ. ಚೀಟಿಯ ಸಂಖ್ಯೆ ಮಾತ್ರ ಉಳಿಯಬೇಕು. ಹಿಡಿದ ಊರು, ಎತ್ತರ, ದಿನ, ಗಂಟೆ, ಕೂತಿದ್ದು ಕಲ್ಲಿನ ಮೇಲೋ ಎಲೆಯ ಮೇಲೋ ಎಂಬುದೆಲ್ಲ ಆ ಸಂಖ್ಯೆಗೆ ಗಂಟುಬಿದ್ದಿರುತ್ತದೆ. ಚೀಟಿ ಕಳಚಿದ ಕಪ್ಪೆ ವಿಜ್ಞಾನಕ್ಕೆ ಹೆಚ್ಚುಕಮ್ಮಿ ಇಲ್ಲದ ಹಾಗೆಯೇ.

ಈ ಕಪಾಟುಗಳಿಗೆ ಬರ್ಮಾದ ಕಪ್ಪೆಗಳು ಬಂದದ್ದರ ಹಿಂದೆ ಒಂದು ಸಾವಿದೆ. ಅಕಾಡೆಮಿಯ ಸರೀಸೃಪ ತಜ್ಞ ಜೋಸೆಫ್ ಸ್ಲೊವಿನ್ಸ್ಕಿ 1990ರ ದಶಕದ ಕೊನೆಯಿಂದ ಮ್ಯಾನ್ಮಾರಿಗೆ ಮತ್ತೆ ಮತ್ತೆ ಹೋಗಿ, ಅಲ್ಲಿನ ಅರಣ್ಯ ಇಲಾಖೆಯ ಸಿಬ್ಬಂದಿಗೇ ಹಿಡಿಯುವ, ಬರೆದಿಡುವ ತರಬೇತಿ ಕೊಟ್ಟು ಇಡೀ ದೇಶದ ಉಭಯಚರ-ಸರೀಸೃಪಗಳ ಸಮೀಕ್ಷೆ ಆರಂಭಿಸಿದರು. 2001ರ ಸೆಪ್ಟೆಂಬರ್ 11ರ ಬೆಳಿಗ್ಗೆ ಉತ್ತರದ ಕಚಿನ್ ರಾಜ್ಯದ ರಾಟ್ ಬಾವ್ ಎಂಬ ಹಳ್ಳಿಯಲ್ಲಿ, ಚೀಲದಲ್ಲಿದ್ದ ಹಾವನ್ನು ವಿಷವಿಲ್ಲದ್ದೆಂದು ತೆಗೆಯಹೋಗಿ ಕಚ್ಚಿಸಿಕೊಂಡರು. ಅದು ಕಟ್ಟುಹಾವಿನ ಮರಿ. ಉಸಿರಾಟದ ಸ್ನಾಯುಗಳು ಸೋತ ಮೇಲೂ ಜೊತೆಗಾರರು ಸರದಿಯ ಮೇಲೆ ಬಾಯಿಗೆ ಬಾಯಿಟ್ಟು ಗಂಟೆಗಟ್ಟಲೆ ಉಸಿರು ತುಂಬಿದರು. ಮಳೆ ಮೋಡಗಳ ನಡುವೆ ಹೆಲಿಕಾಪ್ಟರ್ ಬರಲಾಗಲಿಲ್ಲ. ಮರುದಿನ ತೀರಿಕೊಂಡರು, ವಯಸ್ಸು 38. ಅಮೆರಿಕ ತನ್ನ ಗೋಪುರಗಳು ಉರುಳಿದ ಆಘಾತದಲ್ಲಿದ್ದ ಆ ದಿನಗಳಲ್ಲಿ ಈ ಸುದ್ದಿ ಬಹಳ ಜನಕ್ಕೆ ತಲುಪಲೇ ಇಲ್ಲ. ಸಮೀಕ್ಷೆ ನಿಲ್ಲಲಿಲ್ಲ. ಆ ವರ್ಷಗಳಲ್ಲಿ ಬಂದ ಮಾದರಿಗಳಲ್ಲಿ ಕೊಂಬುಗಪ್ಪೆಗಳೂ ಇದ್ದವು. ಭಾರತದ ಕಪ್ಪೆ ಬರ್ಮಾದ ಕಪ್ಪೆಯಲ್ಲ ಎಂದು ಹೇಳಬೇಕಾದರೆ ಬರ್ಮಾದ ಕಪ್ಪೆ ಕೈಯಲ್ಲಿರಲೇಬೇಕು.

ಕೊಲ್ಲಿಯ ಪೂರ್ವದ ದಡದಲ್ಲಿರುವ ಬರ್ಕ್ಲಿಯ ಮ್ಯೂಸಿಯಂ ಹುಟ್ಟಿದ್ದು 1908ರಲ್ಲಿ. ಹಣ ಕೊಟ್ಟವರು ಆನಿ ಅಲೆಕ್ಸಾಂಡರ್. ಮೊದಲ ನಿರ್ದೇಶಕರು ಜೋಸೆಫ್ ಗ್ರಿನೆಲ್. ಗ್ರಿನೆಲ್ ತಮ್ಮ ಶಿಷ್ಯರಿಗೆ ಹಾಕಿಕೊಟ್ಟ ಶಿಸ್ತು ಇಂದಿಗೂ ಅವರ ಹೆಸರಿನಲ್ಲೇ ನಡೆಯುತ್ತಿದೆ. ಹಿಡಿದದ್ದರ ಲೆಕ್ಕ ಒಂದು ಕಡೆ, ದಿನಚರಿ ಒಂದು ಕಡೆ, ಪ್ರಭೇದವಾರು ಟಿಪ್ಪಣಿ ಇನ್ನೊಂದು ಕಡೆ. ಮಾಸದ ಶಾಯಿಯಲ್ಲಿ, ಅದೇ ದಿನ. ಈ ಕೆಲಸದ ನಿಜವಾದ ಬೆಲೆ ತಿಳಿಯುವುದು ನೂರು ವರ್ಷದ ಮೇಲೆ ಬರುವ ವಿದ್ಯಾರ್ಥಿಗೆ ಎಂಬ ಅಭಿಪ್ರಾಯವನ್ನು ಅವರು 1910ರಲ್ಲೇ ಬರೆದಿದ್ದರು. ಪಾರ್ವಾದ ವಿಷಯದಲ್ಲಿ ಆಗಿದ್ದೂ ಅದೇ. ನೂರಿಪ್ಪತ್ತು ವರ್ಷ ಹಿಂದಿನ ಕಪ್ಪೆಯ ತಲೆ, ಕಾಲು, ಮೂತಿಗಳನ್ನು ಅಳೆದು ಹೊಸ ಕಪ್ಪೆಯ ಜೊತೆ ಹೋಲಿಸುವುದು ಸಾಧ್ಯವಾದದ್ದು ಯಾರೋ ಸೀಸೆ ಒಣಗದಂತೆ ಆಲ್ಕೊಹಾಲು ತುಂಬುತ್ತಾ ಬಂದದ್ದರಿಂದ.

ಆಂಫಿಬಿಯವೆಬ್ ಈ ಎರಡಕ್ಕಿಂತ ತೀರ ಕಿರಿಯದು. ಕಪ್ಪೆಗಳು ಜಗತ್ತಿನಾದ್ಯಂತ ಕಾಣೆಯಾಗುತ್ತಿವೆ ಎಂದು ಮೊದಲು ಎಚ್ಚರಿಸಿದವರಲ್ಲಿ ಒಬ್ಬರಾದ ಬರ್ಕ್ಲಿಯ ಡೇವಿಡ್ ವೇಕ್ 2000ದಲ್ಲಿ ಇದನ್ನು ಕಟ್ಟಿದರು. ಜಗತ್ತಿನ ಪ್ರತಿಯೊಂದು ಉಭಯಚರಕ್ಕೂ ಒಂದು ಪುಟ, ಯಾರು ಬೇಕಾದರೂ ಉಚಿತವಾಗಿ ಓದಬಹುದಾದದ್ದು. ವಿದ್ಯಾರ್ಥಿಗಳೂ ಇದಕ್ಕೆ ಬರೆಯುತ್ತಾರೆ. 2012ರಲ್ಲಿ ಪ್ರಭೇದಗಳ ಎಣಿಕೆ 7,000 ಮುಟ್ಟಿತು, ಈಗ 8,700 ದಾಟಿದೆ. ವೇಕ್ 2021ರ ಏಪ್ರಿಲ್‌ನಲ್ಲಿ ನಿಧನರಾದರು. ಕೊಹಿಮಾದ ಕಾಲೇಜು ಹುಡುಗಿಯೊಬ್ಬಳು ತನ್ನೂರಿನ ಕಪ್ಪೆಯ ಬಗ್ಗೆ ಹುಡುಕಿದರೂ ತೀರ್ಥಹಳ್ಳಿಯ ಮೇಷ್ಟರು ತಮ್ಮ ತೋಟದ ಕಪ್ಪೆಯ ಬಗ್ಗೆ ಹುಡುಕಿದರೂ ತೆರೆಯುವ ಪುಟಗಳಲ್ಲಿ ಇದೊಂದು. ಕಪ್ಪೆ ಅವರಲ್ಲಿ, ಕಡತ ಬರ್ಕ್ಲಿಯಲ್ಲಿ. ಈ ಏರ್ಪಾಡಿನಲ್ಲಿ ಅನುಕೂಲವೂ ಇದೆ, ಅಸಮತೆಯೂ ಇದೆ. ಈಶಾನ್ಯದ ಹೊಸ ಪ್ರಭೇದಗಳ ಮಾದರಿಗಳನ್ನು ಈಗ ಭಾರತದ ಸಂಸ್ಥೆಗಳಲ್ಲೇ ಇಡುತ್ತಿರುವುದು ಒಳ್ಳೆಯ ಬದಲಾವಣೆ.

ಊರಿನ ದೂರದ ನೆಂಟ

ಕೊಂಬುಗಪ್ಪೆ ಬೇ ಏರಿಯಾದಲ್ಲಿ ಇಲ್ಲವೆಂದರೂ ಅದರ ದೂರದ ನೆಂಟನೊಬ್ಬ ಆ ಪ್ರದೇಶದ ಪೂರ್ವದಂಚಿನಲ್ಲಿದ್ದಾನೆ. ಅಲಮೀಡ ಕೌಂಟಿಯ ಕೊನೆಯ ಒಣ ಗುಡ್ಡಗಳಲ್ಲಿ, ಕೊರಲ್ ಹಾಲೊ ಕಣಿವೆಯ ಸುತ್ತ ಸಿಗುವ ಪಶ್ಚಿಮದ ಗುದ್ದಲಿಗಾಲು ಕಪ್ಪೆ, ಸ್ಪಿಯಾ ಹ್ಯಾಮಂಡಿ. ಹಿಂಗಾಲಿನ ಪಾದದಡಿ ಉಗುರಿನಂಥ ಕಪ್ಪು ಗುದ್ದಲಿಯೊಂದಿದೆ. ಅದರಿಂದ ಮಣ್ಣು ತೋಡುತ್ತಾ ಹಿಂದುಹಿಂದಾಗಿ ನೆಲದೊಳಗೆ ಇಳಿದು ವರ್ಷದ ಬಹುಪಾಲು ಅಲ್ಲೇ ಇರುತ್ತದೆ. ಚಳಿಗಾಲದ ಮಳೆ ಬಿದ್ದಾಗ ಮೇಲೆ ಬಂದು, ತಗ್ಗಿನಲ್ಲಿ ನಿಂತ ನೀರಿನಲ್ಲಿ ಗೊರಕೆಯಂಥ ಕೂಗು ಹಾಕಿ, ಮೊಟ್ಟೆಯಿಟ್ಟು ಮತ್ತೆ ನೆಲಕ್ಕೆ. ನೀರು ಬತ್ತುವುದರೊಳಗೆ ಗೊದಮೊಟ್ಟೆ ಕಪ್ಪೆಯಾಗಬೇಕು; ಕೆಲವೇ ವಾರಗಳ ಅವಕಾಶ.

ಬೆಟ್ಟದ ಹಳ್ಳದಲ್ಲಿ ಆಲಿಕೆ ತೆರೆದು ತೂಗುವ ಮರಿಗೂ ಈ ಒಣನೆಲದ ತೋಡುಗಾರನಿಗೂ ಏನು ಸಂಬಂಧ ಎನಿಸಬಹುದು. ನೆಟ್ಟಗೆ ಸೀಳಿದ ಕಣ್ಣಿನ ಪಾಪೆ ಇಬ್ಬರಿಗೂ ಇದೆ. ಸೊಂಟ ತಬ್ಬುವ ರೀತಿ ಇಬ್ಬರದೂ ಒಂದೇ. ಒಂದು ಕಾಲಕ್ಕೆ ಎರಡನ್ನೂ ಒಂದೇ ಕುಟುಂಬದಲ್ಲಿಟ್ಟಿದ್ದರು. ಡಿಎನ್‌ಎ ಲೆಕ್ಕ ಬಂದ ಮೇಲೆ ಬೇರೆ ಬೇರೆ ಕುಟುಂಬಗಳಾದವು, ಆದರೆ ಕೊಂಬೆ ಬೇರೆಯಾದರೂ ಬುಡ ಒಂದೇ ಎಂಬುದು ಗಟ್ಟಿಯಾಯಿತು. ಈ ವಂಶಗಳು ಕವಲೊಡೆದದ್ದು ಹತ್ತು ಕೋಟಿ ವರ್ಷಗಳಿಗೂ ಹಿಂದೆ. ಈ ನೆಂಟನ ಗತಿಯೂ ಚೆನ್ನಾಗಿಲ್ಲ: ಮಳೆನೀರಿನ ಹೊಂಡಗಳು ಮನೆ, ರಸ್ತೆ, ತೋಟಗಳಾಗುತ್ತಿರುವುದರಿಂದ ಅದನ್ನು ಅಪಾಯಕ್ಕೊಳಗಾದ ಪ್ರಭೇದಗಳ ಪಟ್ಟಿಗೆ ಸೇರಿಸಬೇಕೆಂದು ಅಮೆರಿಕದ ವನ್ಯಜೀವಿ ಇಲಾಖೆ 2023ರ ಡಿಸೆಂಬರಿನಲ್ಲಿ ಪ್ರಸ್ತಾಪಿಸಿತು.

ಕಪ್ಪೆಯ ವ್ಯಾಪಾರ, ಕಪ್ಪೆಯ ರೋಗ

ಬೇ ಏರಿಯಾಕ್ಕೆ ಕಪ್ಪೆಯ ವಿಷಯದಲ್ಲಿ ಒಂದು ಕೆಟ್ಟ ಚರಿತ್ರೆಯೂ ಉಂಟು. ಚಿನ್ನದ ದಾಹದ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಹೋಟೆಲುಗಳು ಅಲ್ಲಿನದೇ ಕೆಂಪುಕಾಲಿನ ಕಪ್ಪೆಯನ್ನು ಬಡಿಸಿದವು. ಮಾರ್ಕ್ ಟ್ವೇನ್ 1865ರ ಕಥೆಯಲ್ಲಿ ಪಂದ್ಯ ಕಟ್ಟಿ ಕುಣಿಸಿದ ಕಪ್ಪೆ ಇದೇ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ವರ್ಷಕ್ಕೆ 80,000ದಷ್ಟು ಹಿಡಿದು ತಿಂದು, ಅದು ಸಿಗದಂತಾದ ಮೇಲೆ ಪೂರ್ವದ ರಾಜ್ಯಗಳ ದೈತ್ಯ ಬುಲ್‌ಫ್ರಾಗ್ ತರಿಸಿದರು. 1896ರಲ್ಲಿ ಕೊಲ್ಲಿಯ ದಡದ ಎಲ್ ಸೆರಿಟೊದಲ್ಲಿ ಅದರ ಸಾಕಣೆ ಆರಂಭವಾಯಿತು. ತಪ್ಪಿಸಿಕೊಂಡ ಬುಲ್‌ಫ್ರಾಗ್ ಅಳಿದುಳಿದ ಕೆಂಪುಕಾಲಿನ ಕಪ್ಪೆಯನ್ನೂ ತಿನ್ನತೊಡಗಿತು. ಕೆಂಪುಕಾಲಿನ ಕಪ್ಪೆಗೆ 1996ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು, 2014ರಲ್ಲಿ ರಾಜ್ಯದ ಉಭಯಚರವೆಂಬ ಪದವಿಯೂ ಸಿಕ್ಕಿತು.

ತಿನ್ನುವ ವ್ಯಾಪಾರದ ಹಿಂದೆಯೇ ಸಾಕುವ ವ್ಯಾಪಾರ, ಎರಡರ ಬೆನ್ನ ಮೇಲೂ ರೋಗ. ಕಪ್ಪೆಯ ಚರ್ಮಕ್ಕೆ ತಗಲುವ ಕೈಟ್ರಿಡ್ ಎಂಬ ಶಿಲೀಂಧ್ರ ಜಗತ್ತಿನ ನೂರಾರು ಪ್ರಭೇದಗಳನ್ನು ಇಳಿಮುಖವಾಗಿಸಿದೆ. ಲಾಸ್ ಏಂಜಲಿಸ್, ಸ್ಯಾನ್ ಫ್ರಾನ್ಸಿಸ್ಕೊ, ನ್ಯೂಯಾರ್ಕ್ ಮಾರುಕಟ್ಟೆಗಳಿಗೆ ಜೀವಂತ ಬಂದ ಬುಲ್‌ಫ್ರಾಗ್‌ಗಳನ್ನು ಪರೀಕ್ಷಿಸಿದ 2009ರ ಅಧ್ಯಯನದಲ್ಲಿ ಶೇಕಡಾ 62ರಲ್ಲಿ ಈ ಶಿಲೀಂಧ್ರ ಸಿಕ್ಕಿತು. ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ವಿಶ್ವವಿದ್ಯಾಲಯದ ವ್ಯಾನ್ಸ್ ವ್ರೆಡೆನ್‌ಬರ್ಗ್ ಮತ್ತು ಸಂಗಡಿಗರು ಮ್ಯೂಸಿಯಮ್ಮಿನ ಹಳೆಯ ಆಫ್ರಿಕನ್ ಕಪ್ಪೆಗಳ ಚರ್ಮವನ್ನು ಹತ್ತಿಯಿಂದ ಒರೆಸಿ ಪರೀಕ್ಷಿಸಿ, 1930ರ ದಶಕದ ಮಾದರಿಯಲ್ಲೇ ಸೋಂಕಿತ್ತೆಂದು ತೋರಿಸಿದರು. ಸೀಸೆಗಳ ಉಪಯೋಗ ಹೆಸರಿಡುವುದಕ್ಕಷ್ಟೇ ಮುಗಿಯುವುದಿಲ್ಲ. ಶಿಲೀಂಧ್ರದ ಮೂಲ ಪೂರ್ವ ಏಷ್ಯಾ ಎಂದು 2018ರ ದೊಡ್ಡ ಅಧ್ಯಯನವೊಂದು ಹೇಳಿದೆ. ಅಂದರೆ ಏಷ್ಯಾದ ಕಪ್ಪೆಗಳು ಬಹುಕಾಲದಿಂದ ಅದರ ಜೊತೆ ಬಾಳಿ ಒಗ್ಗಿಕೊಂಡಿರಬಹುದು, ಆದರೆ ಅವುಗಳನ್ನು ಪೆಟ್ಟಿಗೆಯಲ್ಲಿಟ್ಟು ಸಾಗಿಸಿದರೆ ಬೇರೆಡೆಯ ಕಪ್ಪೆಗಳಿಗೆ ಅದೇ ಮಾರಿ. ಮಲಯದ ಉದ್ದಮೂತಿಯ ಕೊಂಬುಗಪ್ಪೆ ಅಮೆರಿಕದ ಸಾಕುಪ್ರಾಣಿ ಮಾರುಕಟ್ಟೆಯಲ್ಲಿ ಮಾರಾಟವಾಗುತ್ತದೆ, ಅವುಗಳಲ್ಲಿ ಕಾಡಿನಿಂದ ಹಿಡಿದವೂ ಇರುತ್ತವೆ. ಗೋಲ್ಡನ್ ಗೇಟ್ ಪಾರ್ಕಿನ ಲಿಲಿ ಕೊಳದಲ್ಲಿ ಯಾರೋ ಬಿಟ್ಟ ಆಫ್ರಿಕದ ಉಗುರುಗಪ್ಪೆ ಬೆಳೆದು ಸರ್ಕಾರ ವರ್ಷಗಟ್ಟಲೆ ಹೆಣಗಬೇಕಾಯಿತು. ಕೊಳ ಅಕಾಡೆಮಿಯಿಂದ ನಡೆದುಹೋಗುವಷ್ಟು ಹತ್ತಿರ.

ಸ್ಥಿತಿಗತಿ

ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಕಿರು ಕೊಂಬುಗಪ್ಪೆಗೆ ಹೆಚ್ಚು ಚಿಂತೆಯಿಲ್ಲದ ಪ್ರಭೇದವೆಂಬ ದರ್ಜೆ ಕೊಟ್ಟದ್ದು ಅದರ ನೆಲೆ ನೇಪಾಳದಿಂದ ವಿಯೆಟ್ನಾಂವರೆಗೆ ಚಾಚಿದೆ ಎಂಬ ಎಣಿಕೆಯ ಮೇಲೆ. ಆ ಎಣಿಕೆ ಈಗ ಉಳಿದಿಲ್ಲ. ಒಂದೊಂದೇ ಕಣಿವೆಗೆ ಸೇರಿದ ಹೊಸ ಪ್ರಭೇದಗಳಿಗೆ ಹಳೆಯ ಅಭಯ ಅನ್ವಯಿಸುವುದಿಲ್ಲ. ಕಾಡು ಕಡಿದರೆ ಹಳ್ಳಕ್ಕೆ ಬಿಸಿಲು ಬೀಳುತ್ತದೆ, ರಸ್ತೆ ಅಗೆದ ಮಣ್ಣು ಮಡುವನ್ನು ತುಂಬುತ್ತದೆ, ಆಲಿಕೆಬಾಯಿಯ ಮರಿಗೆ ತಿನ್ನಲು ತಿಳಿನೀರಿನ ಮೇಲ್ಮೈ ಇರುವುದಿಲ್ಲ. ಜುಕೌ ಕಣಿವೆಯ ಹೆಸರಿನ ಕೊಂಬುಗಪ್ಪೆಯ ವಿವರಣೆ ಪ್ರಕಟವಾದದ್ದು 2020ರ ಆರಂಭದಲ್ಲಿ. ಅದೇ ವರ್ಷದ ಡಿಸೆಂಬರ್ ಕೊನೆಗೆ ಆ ಕಣಿವೆಗೆ ಬಿದ್ದ ಕಾಡುಗಿಚ್ಚು ಹೊಸ ವರ್ಷದವರೆಗೂ ಉರಿಯಿತು. ನಂದಿಸಲು ವಾಯುಪಡೆಯ ಹೆಲಿಕಾಪ್ಟರುಗಳು ಬರಬೇಕಾಯಿತು.